ಪ್ಲಾಂಕ್ಟನ್ ಹಿಡಿದ ಕೈ: ಆಲಿಸ್ಟರ್ ಹಾರ್ಡಿಯವರ ಅಧ್ಯಯನ ಕ್ರಮ

ಬ್ರಿಟನ್ನಿನ ಕಡಲ ಜೀವವಿಜ್ಞಾನಿ ಸರ್ ಆಲಿಸ್ಟರ್ ಹಾರ್ಡಿ (1896–1985) ಅವರ ಬದುಕನ್ನು ಎರಡು ಹೋಳಾಗಿ ಓದುವುದು ಸುಲಭ: ನಿವೃತ್ತಿಯ ತನಕ ವಿಜ್ಞಾನ, ಆಮೇಲೆ ಅಧ್ಯಾತ್ಮ. ಈ ಓದು ನನಗೆ ಒಪ್ಪಿಗೆಯಿಲ್ಲ. ವಿಕಾಸವಾದಕ್ಕೂ ಮನುಷ್ಯನ ಆಧ್ಯಾತ್ಮಿಕ ಅರಿವಿಗೂ ಹೊಂದಾಣಿಕೆ ಹುಡುಕುವ ಸಂಕಲ್ಪವನ್ನು ಅವರು ಮೊದಲ ಮಹಾಯುದ್ಧದ ಕಾಲದಲ್ಲೇ ಮಾಡಿದ್ದರು. ಅದಕ್ಕಿಂತ ಮುಖ್ಯವಾಗಿ, ಎರಡೂ ಕಡೆ ಅವರ ಕೆಲಸದ ಕ್ರಮ ಒಂದೇ.

1925–27ರ 'ಡಿಸ್ಕವರಿ' ಅಂಟಾರ್ಕ್ಟಿಕ್ ಯಾತ್ರೆಯಲ್ಲಿ ಹಾರ್ಡಿ ಪ್ರಾಣಿಶಾಸ್ತ್ರಜ್ಞರಾಗಿದ್ದರು. ಪ್ಲಾಂಕ್ಟನ್ ಸಂಗ್ರಹಕ್ಕೆ ಅವರು ರೂಪಿಸಿದ ಯಂತ್ರ ಸರಳ. ಹಡಗಿನ ಹಿಂದೆ ಕಟ್ಟಿ ಎಳೆದರೆ ಒಳನುಗ್ಗುವ ನೀರು ರೇಷ್ಮೆಪಟ್ಟಿಯಲ್ಲಿ ಸೋಸಿಹೋಗುತ್ತದೆ. ಸಿಕ್ಕಿದ ಸೂಕ್ಷ್ಮಜೀವಿಗಳ ಸಮೇತ ಪಟ್ಟಿ ಸುತ್ತಿಕೊಂಡು ಫಾರ್ಮಲಿನ್‌ನಲ್ಲಿ ಉಳಿಯುತ್ತದೆ. ಎಳೆಯಲು ವಿಜ್ಞಾನಿಯೇ ಬೇಕೆಂದಿಲ್ಲ, ಸರಕುಹಡಗಿನ ನಾವಿಕರು ಸಾಕು. 1931ರಿಂದ ಉತ್ತರ ಸಮುದ್ರದಲ್ಲಿ ಹೀಗೇ ಮಾದರಿಗಳು ಬರತೊಡಗಿದವು. ಸಾಮಾನ್ಯರ ಕೈಯಿಂದ ಅಪಾರ ಮಾದರಿ ತರಿಸು, ವರ್ಗೀಕರಿಸು, ಸಿದ್ಧಾಂತ ಆಮೇಲೆ: ಹಾರ್ಡಿಯವರ ಕ್ರಮ ಇಷ್ಟೇ.

1946ರಿಂದ 1961ರವರೆಗೆ ಅವರು ಆಕ್ಸ್‌ಫರ್ಡಿನ ಲಿನಾಕರ್ ಪೀಠದಲ್ಲಿದ್ದರು. ಅದನ್ನು ಬಿಟ್ಟ ಮೇಲೆ ಅಬರ್ಡೀನಿನಲ್ಲಿ ಕೊಟ್ಟ ಗಿಫರ್ಡ್ ಉಪನ್ಯಾಸಗಳು 'ದ ಲಿವಿಂಗ್ ಸ್ಟ್ರೀಮ್' (1965), 'ದ ಡಿವೈನ್ ಫ್ಲೇಮ್' (1966) ಎಂಬ ಪುಸ್ತಕಗಳಾದವು. ಮೊದಲನೆಯದರಲ್ಲಿ ಜೀವಿಯ ಹೊಸ ರೂಢಿಯೇ ಆಯ್ಕೆಯ ದಿಕ್ಕನ್ನು ತಿದ್ದಬಲ್ಲದು ಎಂಬ ವಾದಕ್ಕೆ ಹಾಲಿನ ಬಾಟಲಿಯ ಮುಚ್ಚಳ ಕೊಕ್ಕಿನಿಂದ ತೆರೆಯಲು ಕಲಿತ ಟಿಟ್ ಹಕ್ಕಿಗಳು ಸಾಕ್ಷಿ. ಇದು ಗಟ್ಟಿಯಾದ ಭಾಗ. ಅಲ್ಲಿಂದ ಅವರು ಟೆಲಿಪಥಿಯಂಥ ಸಂಪರ್ಕಕ್ಕೆ ಜಿಗಿಯುವಾಗ ಮಾತ್ರ ಕಾಲಡಿಯ ನೆಲ ತೆಳ್ಳಗಾಗುತ್ತದೆ.

1969ರಲ್ಲಿ, 73ನೇ ವಯಸ್ಸಿನಲ್ಲಿ, ಆಕ್ಸ್‌ಫರ್ಡಿನ ಮ್ಯಾಂಚೆಸ್ಟರ್ ಕಾಲೇಜಿನಲ್ಲಿ ಧಾರ್ಮಿಕ ಅನುಭವಗಳ ಸಂಶೋಧನಾ ಘಟಕ ತೆರೆದರು. ನಿತ್ಯದ 'ನಾನು' ಅಲ್ಲದ ಯಾವುದೋ ಶಕ್ತಿಯ ಸಾನ್ನಿಧ್ಯ ನಿಮಗೆ ಎಂದಾದರೂ ಅನುಭವಕ್ಕೆ ಬಂದಿದೆಯೇ, ಅದನ್ನು ದೇವರೆಂದು ಕರೆಯಿರಿ ಬಿಡಿ, ಎಂಬ ಅರ್ಥದ ಪ್ರಶ್ನೆಯನ್ನು ಪತ್ರಿಕೆಗಳ ಮೂಲಕ ಜನರ ಮುಂದಿಟ್ಟರು. ಬಂದ ಪತ್ರಗಳಲ್ಲಿ ಮೊದಲ 3000ವನ್ನು ಪ್ಲಾಂಕ್ಟನ್ ವಿಂಗಡಿಸಿದಂತೆಯೇ ವಿಂಗಡಿಸಿ, ಬೆಳಕು ಕಂಡದ್ದು, ದನಿ ಕೇಳಿದ್ದು, ಭಯ ಕರಗಿದ್ದು ಎಂಬಂಥ ಗುಂಪು ಮಾಡಿದರು. 'ದ ಸ್ಪಿರಿಚುಯಲ್ ನೇಚರ್ ಆಫ್ ಮ್ಯಾನ್' (1979) ಅದರ ಫಲ.

ಇಲ್ಲೊಂದು ತೊಡಕಿದೆ. ಸಮುದ್ರ ತಾನಾಗಿ ಪತ್ರ ಬರೆಯುವುದಿಲ್ಲ. ಮನುಷ್ಯ ಬರೆಯುತ್ತಾನೆ, ಅದೂ ಬರೆಯಬೇಕೆನಿಸಿದವನು ಮಾತ್ರ. ಹಾಗಾಗಿ ಈ ಸಂಗ್ರಹದಿಂದ ಅನುಭವಗಳ ಬಗೆಗಳು ತಿಳಿಯುತ್ತವೆ, ಜನರಲ್ಲಿ ಅವುಗಳ ಪ್ರಮಾಣ ತಿಳಿಯುವುದಿಲ್ಲ. ಇನ್ನೊಂದು ಮಾತನ್ನು ಕನ್ನಡದಲ್ಲಿ ಹೇಳುವುದು ಸುಲಭ: ವಚನಗಳ ಚರ್ಚೆಯಲ್ಲಿ ಅನುಭವ, ಅನುಭಾವ ಎಂಬ ಭೇದವಿದೆ. ಕ್ಷಣಮಾತ್ರ ಬಂದುಹೋದದ್ದು ಮೊದಲನೆಯದು. ಸಾಧನೆಯಲ್ಲಿ ಪಕ್ವವಾಗಿ ಬದುಕನ್ನೇ ಆವರಿಸುವುದು ಎರಡನೆಯದು. ಹಾರ್ಡಿಯವರ ಪ್ರಶ್ನೆ ಮೊದಲನೆಯದನ್ನು ಹಿಡಿಯುವ ಬಲೆ. ಎರಡನೆಯದಕ್ಕೆ ಅದರ ಕಣ್ಣು ಸಾಲದು.

1985ರ ಟೆಂಪಲ್ಟನ್ ಪ್ರಶಸ್ತಿ ಅವರಿಗೆ ಸಂದಿತು. ಆ ವರ್ಷದ ಮೇ ತಿಂಗಳಲ್ಲೇ ತೀರಿಕೊಂಡರು. ಪತ್ರಗಳ ಭಂಡಾರ 2000ದಲ್ಲಿ ವೇಲ್ಸಿನ ಲ್ಯಾಂಪೀಟರ್‌ಗೆ ಹೋಯಿತು. ಅದರಲ್ಲಿ ಈಗ 6000ಕ್ಕೂ ಹೆಚ್ಚು ಬರಹಗಳಿವೆ.