ಹಳೆಯ ಗಣಕವೂ ಅವರ್ಸಾ ಎಂಬ ಮೂರಕ್ಷರವೂ

ಕಾರವಾರದಿಂದ ಅಂಕೋಲೆಗೆ ಹೋಗುವ ಹೆದ್ದಾರಿಯ ಮೇಲೆ ಅವರ್ಸಾ ಎಂಬ ಊರಿರುವುದನ್ನು ಈ ಜಿಲ್ಲೆಯ ವಾಚಕರಿಗೆ ಹೊಸತಾಗಿ ಹೇಳಬೇಕಾದುದಿಲ್ಲ. ಮಕ್ಕಳು ಪಾಟಿಯ ಮೇಲೆ ಬರೆದು ಕಲಿಯುವ ಈ ಹೆಸರಿನಲ್ಲಿ ಅಕ್ಷರಗಳು ಮೂರೇ. ಆದರೆ ಇದೇ ಹೆಸರನ್ನು ಗಣಕಯಂತ್ರದಲ್ಲಿ ಬರೆದು, ತಿದ್ದಿ, ಮುಂದಿನವರು ಓದುವಂತೆ ಉಳಿಸುವುದು ಬಹುಕಾಲ ಸುಲಭಸಾಧ್ಯವಾಗಿರಲಿಲ್ಲ. ಆ ವೃತ್ತಾಂತವನ್ನು ಇಲ್ಲಿ ಸಂಗ್ರಹವಾಗಿ ಅರುಹುವೆನು.

1969ರಲ್ಲಿ ಅಮೇರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ನರು ಯುನಿಕ್ಸಿಗಾಗಿ 'ಎಡ್' ಎಂಬ ಎಡಿಟರನ್ನು ರಚಿಸಿದರು. ಆಗ ಉತ್ತರವು ಕಾಗದದ ಮೇಲೆ ಅಚ್ಚಾಗಿ ಬರುತ್ತಿದ್ದುದರಿಂದ, ಒಂದೊಂದೇ ಸಾಲನ್ನು ಹೆಸರಿಸಿ ತಿದ್ದಬೇಕಾಗುತ್ತಿತ್ತು. ಪರದೆಯ ಮೇಲೆ ಇಡೀ ಪುಟವನ್ನು ಕಂಡು ತಿದ್ದುವ 'ವಿ' ಎಂಬುದನ್ನು 1976ರಲ್ಲಿ ಬರ್ಕ್ಲಿಯಲ್ಲಿದ್ದ ಬಿಲ್ ಜಾಯ್ ಅವರು ಕಟ್ಟತೊಡಗಿದರು. ಅವರ ದೂರವಾಣಿ ತಂತಿಯು ಕ್ಷಣಕ್ಕೆ ಸುಮಾರು 30 ಅಕ್ಷರಗಳನ್ನು ಮಾತ್ರ ತರುತ್ತಿತ್ತು. 24 ಸಾಲು, ಸಾಲಿಗೆ 80 ಅಕ್ಷರದಂತೆ 1920 ಅಕ್ಷರಗಳ ಪರದೆ ತುಂಬಲು ಒಂದು ನಿಮಿಷಕ್ಕಿಂತ ಹೆಚ್ಚು ಕಾಲವು ಹಿಡಿಯುವುದಷ್ಟೆ! ಆದುದರಿಂದಲೇ ಅದರ ಆಜ್ಞೆಗಳು ಅತ್ಯಂತ ಹ್ರಸ್ವವಾದವು. 'ಡಿ' ಕೀಲಿಯನ್ನು ಎರಡು ಬಾರಿ ಒತ್ತಿದರೆ ಒಂದು ಸಾಲು ಅಳಿಯುತ್ತದೆ. ಅವರ ಟರ್ಮಿನಲ್ಲಿನಲ್ಲಿ ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಬಾಣದ ಗುರುತುಗಳಿದ್ದುದರಿಂದ, ಇಂದಿಗೂ ಅವುಗಳಿಂದಲೇ ಅತ್ತಿತ್ತ ಚಲಿಸುವ ಪದ್ಧತಿಯು ಉಳಿದಿದೆ. ಬಡತನದಿಂದ ಹುಟ್ಟಿದ ಮಿತವ್ಯಯವು ಹೀಗೆ ಸಂಪ್ರದಾಯವಾಯಿತು.

ಈ ಮಿತವ್ಯಯವೇ ಮನೆಯ ಸಣ್ಣ ಗಣಕಗಳಿಗೂ ಒಪ್ಪಿತು. ಆದರೆ 'ವಿ'ಯ ಮೂಲಪಾಠದಲ್ಲಿ 'ಎಡ್'ನ ಅಂಶವಿದ್ದುದರಿಂದ, ಎ.ಟಿ. ಅಂಡ್ ಟಿ. ಸಂಸ್ಥೆಯ ಪರವಾನಗಿಯಿಲ್ಲದೆ ಅದನ್ನು ಹಂಚುವಂತಿರಲಿಲ್ಲ. ಅದಕ್ಕಾಗಿ ಆಸಕ್ತರು ಅದರ ಅನುಕರಣಗಳನ್ನು ತಾವೇ ಹೊಸದಾಗಿ ರಚಿಸಿಕೊಂಡರು. 1987ರಲ್ಲಿ ಟಿಮ್ ಥಾಂಪ್ಸನ್ನರು ಅಟಾರಿ ಎಸ್.ಟಿ. ಯಂತ್ರಕ್ಕಾಗಿ 'ಸ್ಟೀವಿ'ಯನ್ನು ಪ್ರಕಟಿಸಿದರು. ಅದನ್ನು ಆಧರಿಸಿ ನೆದರ್ಲೆಂಡಿನ ಬ್ರಾಮ್ ಮೊಲೆನಾರರು ತಮ್ಮ ಅಮಿಗಾ ಯಂತ್ರದಲ್ಲಿ 'ವಿಮ್' ಅನ್ನು ಬೆಳೆಯಿಸಿ, 1991ರಲ್ಲಿ ಲೋಕಕ್ಕಿತ್ತರು. ಅದನ್ನು ಉಚಿತವಾಗಿ ಕೊಟ್ಟು, ಬಳಸುವವರು ಉಗಾಂಡದ ಅನಾಥ ಮಕ್ಕಳಿಗೆ ನೆರವಾಗಬೇಕೆಂದಷ್ಟೇ ಕೋರಿದರು. 2023ರಲ್ಲಿ ಅವರು ತೀರಿಕೊಂಡರೂ ಅವರ ಕೃತಿ ಬಳಕೆಯಲ್ಲಿದೆ.

ಇನ್ನು ನಮ್ಮ ಅಕ್ಷರಗಳ ಗತಿಯೇನು? ಆ ಹಳೆಯ ಯಂತ್ರಗಳ ಲಿಪಿಸಂಕೇತವು ಮೂಲತಃ 128 ಸ್ಥಾನಗಳದು. ಅದರಲ್ಲಿ ಕನ್ನಡಕ್ಕೆ ಎಡೆಯೇ ಇರಲಿಲ್ಲ. ಕಾನ್ಪುರದ ಐ.ಐ.ಟಿ.ಯಲ್ಲಿ ಮೊದಲಾಗಿ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ 'ಜಿಸ್ಟ್' ಎಂಬ ಕಾರ್ಡನ್ನು ಯಂತ್ರದೊಳಗೆ ಕೂಡಿಸಿದರೆ, ಡಾಸ್ ಪರದೆಯಲ್ಲಿಯೂ ಭಾರತೀಯ ಲಿಪಿಗಳು ಮೂಡುತ್ತಿದ್ದವು. 1991ರ 'ಇಸ್ಕಿ' ಮಾನಕವು ಮೇಲಿನ 128 ಸ್ಥಾನಗಳನ್ನು ನಮ್ಮ ವರ್ಣಗಳಿಗೆ ಮೀಸಲಿಟ್ಟಿತು. ಇತ್ತ ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಕೆ. ಪಿ. ರಾಯರು, ಉಚ್ಚಾರಕ್ರಮದಲ್ಲಿಯೇ ಕನ್ನಡವನ್ನು ಒತ್ತುವ ಕೀಲಿಮಣೆಯನ್ನು ರೂಪಿಸಿ, 'ಸೇಡಿಯಾಪು' ತಂತ್ರಾಂಶವನ್ನು ಉಚಿತವಾಗಿ ಕೊಟ್ಟು ಮಹದುಪಕಾರ ಮಾಡಿದರು.

ಆದರೆ ಆ ಕಾಲದ ಅನೇಕ ಕಡತಗಳು ವರ್ಣಗಳನ್ನಲ್ಲ, ಫಾಂಟಿನ ಆಕಾರಗಳನ್ನು ಮಾತ್ರ ಉಳಿಸಿದವು. 'ಅವರ್ಸಾ'ದಲ್ಲಿ ಮೊದಲು ನುಡಿಯುವ ರೇಫವು ಬರೆಹದಲ್ಲಿ ಅರ್ಕಾವತ್ತಾಗಿ ಸಕಾರದ ನಂತರ ಬರುವಂತೆಯೇ, ಕಡತದಲ್ಲಿಯೂ ನಂತರವೇ ಕುಳಿತಿತು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ, ಊರಿನ ಹೆಸರಿನ ಬದಲು ಅರ್ಥವಿಲ್ಲದ ಪರಲಿಪಿಯ ಗುರುತುಗಳು ಕಾಣುವವು. ಕಾಗದಕ್ಕೆ ಗೆದ್ದಲು ಹಿಡಿದರೆ ಹಾನಿಯು ಕಣ್ಣಿಗೆ ಬೀಳುತ್ತದೆ. ಈ ಹಾನಿಯಾದರೋ ಕಡತವು ಅಕ್ಷತವಾಗಿದ್ದಾಗಲೇ ಸಂಭವಿಸುವುದು.

ಇದಕ್ಕೆ ಪರಿಹಾರವಾಗಿ 1991ರ ಯುನಿಕೋಡು ಕನ್ನಡಕ್ಕೂ ಸ್ಥಿರವಾದ ಸ್ಥಾನಗಳನ್ನು ಕೊಟ್ಟಿತು. 1992ರಲ್ಲಿ ರಾಬ್ ಪೈಕರೊಡನೆ ಅದಕ್ಕೆ 'ಯು.ಟಿ.ಎಫ್.-8' ಎಂಬ ರೂಪವನ್ನು ಯೋಜಿಸಿದವರು 'ಎಡ್' ರಚಿಸಿದ ಅದೇ ಥಾಂಪ್ಸನ್ನರು! ಅದರಲ್ಲಿ 'ಅವರ್ಸಾ' ಎಂಬುದು ಕಣ್ಣಿಗೆ ಮೂರಕ್ಷರ, ಸಂಕೇತದಲ್ಲಿ ಆರು, ಬೈಟುಗಳಲ್ಲಿ ಹದಿನೆಂಟು. ಒಂದು ಬೈಟಿಗೆ ಒಂದು ಅಕ್ಷರವೆಂದೇ ನಂಬಿದ ಹಳೆಯ ಎಡಿಟರಿಗೆ ಈ ಲೆಕ್ಕವು ತಿಳಿಯದು. 2001ರ 'ವಿಮ್' 6.0ಕ್ಕೆ ತಿಳಿಯಿತು. ಆದರೂ ಎಂಟು ಬಿಟ್ಟುಗಳನ್ನು ಕೆಡಿಸದೆ ಕಾಯುವ ಎಡಿಟರಾದರೆ, ತಾನು ಓದಲಾರದ ಕನ್ನಡವನ್ನೂ ಹಳೆಯ ಯಂತ್ರವು ಸುರಕ್ಷಿತವಾಗಿ ಹೊರಬಲ್ಲದು.

ಆದುದರಿಂದ ವಾಚಕರಲ್ಲಿ ಒಂದು ವಿಜ್ಞಾಪನೆ. ತಮ್ಮ ಮನೆಗಳಲ್ಲಿ ಹಿರಿಯರು ಗಣಕದಲ್ಲಿ ಬರೆದಿಟ್ಟ ವಂಶಾವಳಿ, ಹಾಡು, ಹರಕೆಯ ಲೆಕ್ಕಗಳಿದ್ದರೆ, ಅವನ್ನು ಓದಿ ಹೇಳಬಲ್ಲವರು ಇರುವಾಗಲೇ ಯುನಿಕೋಡಿಗೆ ಪರಿವರ್ತಿಸಿ, ಮೂಲದೊಡನೆ ತಾಳೆ ನೋಡಿ ಇಡತಕ್ಕದ್ದು. ಯಂತ್ರವು ಹಳೆಯದಾದರೆ ಚಿಂತೆಯಿಲ್ಲ. ಅದರೊಳಗಿನ ಮೂರಕ್ಷರವು ಮೂರಕ್ಷರವಾಗಿಯೇ ಉಳಿದರೆ ಸಾಕು.