ಹಲಗಲಿಯ ಸುದ್ದಿ ಹೊತ್ತ ಲಾವಣಿ

ಕುಂಪಣಿ ಸರ್ಕಾರದ ಕಾಲದಲ್ಲಿ ರಬಕವಿ ಸಾಂಗಲಿಯ ಪಟವರ್ಧನರ ಊರು. ಅದಕ್ಕೆ ಅಂಟಿಕೊಂಡ ಬನಹಟ್ಟಿ ಜಮಖಂಡಿ ಸಂಸ್ಥಾನದ್ದು. ಮುಧೋಳದಲ್ಲಿ ಘೋರ್ಪಡೆಯವರ ಆಳ್ವಿಕೆ. ಒಂದು ಹಗಲಿನ ನಡಿಗೆಯಲ್ಲಿ ಮೂವರು ಅರಸರ ಸೀಮೆ ದಾಟಬಹುದಾಗಿದ್ದ ಈ ನಾಡಿನಲ್ಲಿ ಯಾವ ಗಡಿಗೂ ನಿಲ್ಲದೆ ಓಡಾಡಿದವರು ಲಾವಣಿಕಾರರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲೇ ಹೊರಟಿತ್ತು. ಆದರೆ ಕೃಷ್ಣೆ, ಘಟಪ್ರಭೆಗಳ ನಡುವಿನ ಒಕ್ಕಲಿಗನಿಗೂ ನೇಕಾರನಿಗೂ ಪತ್ರಿಕೆ, ಓಲೆ, ಮನರಂಜನೆ ಎಲ್ಲವೂ ಡಪ್ಪು-ತುಂತುಣಿಗಳ ಜೊತೆಗೇ ಬರುತ್ತಿದ್ದವು.

1857ರಲ್ಲಿ ಹತಾರ ಕಾಯ್ದೆ ಬಂತು. ಆಯುಧ ಒಪ್ಪಿಸಬೇಕೆಂಬ ಆಜ್ಞೆ ಮುಧೋಳ ಸೀಮೆಯ ಹಲಗಲಿಗೂ ತಲುಪಿತು. ಬೇಟೆಯೇ ಬದುಕಾಗಿದ್ದ ಬೇಡರಿಗೆ ಹತಾರ ಕೊಡುವುದೆಂದರೆ ಕೈ ಕಡಿದು ಕೊಟ್ಟಂತೆ. ಪೂಜೇರಿ ಹನುಮ, ಬಾಲ, ಜಡಗ, ರಾಮ ತಿರುಗಿ ನಿಂತರು. ನವೆಂಬರ್ ಕೊನೆಗೆ ಕುಂಪಣಿಯ ದಂಡು ಊರನ್ನು ಸುತ್ತುವರಿದು ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಸೇರಿ 19 ಜನರನ್ನು ಗಲ್ಲಿಗೇರಿಸಿದರು.

ಹಲಗಲಿಯ ಲಾವಣಿ ಕಟ್ಟಿದವನು ಇದನ್ನೆಲ್ಲ ವರದಿಗಾರನ ಕ್ರಮದಲ್ಲೇ ಹೇಳುತ್ತಾನೆ. ವಿಲಾಯತಿಯಿಂದ ಹೊರಟ ಹುಕುಮಿನಿಂದ ಹಾಡು ಶುರುವಾಗುತ್ತದೆ. ಆಂಗ್ಲ ಅಧಿಕಾರಿ ಅವನ ನಾಲಗೆಯಲ್ಲಿ ಕಾರಸಾಹೇಬನಾಗುತ್ತಾನೆ. ಲಾವಣಿಕಾರನ ನಿಜವಾದ ದೊಡ್ಡತನ ನನಗೆ ಕಾಣುವುದು ಲೂಟಿಯ ಭಾಗದಲ್ಲಿ. ಸಿಪಾಯಿಗಳು ಹೊತ್ತುಕೊಂಡು ಹೋದದ್ದನ್ನು ಅವನು ಒಂದೊಂದಾಗಿ ಎಣಿಸುತ್ತಾನೆ: ಕೊಡಲಿ, ಕುಡ, ಹಾಲು, ಮೊಸರು, ಬೆಣ್ಣೆ, ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ. ಗಂಗಾಳ, ಚರಗಿ, ಮಂಗಳಸೂತ್ರ. ಕೊನೆಗೆ ಬೀಸುಕಲ್ಲು! ಸರ್ಕಾರಿ ದಫ್ತರಕ್ಕೆ ಬೇಕಿದ್ದುದು ಸತ್ತವರ, ಸೆರೆಯಾದವರ ಲೆಕ್ಕ. ಮನೆ ಮುರಿದದ್ದರ ಲೆಕ್ಕವಿಟ್ಟವನು ಈ ಹಾಡುಗಾರ. ನಸುಕಿನಲ್ಲಿ ಎದ್ದು ಜೋಳ ಬೀಸುತ್ತ ಹಾಡಿಕೊಳ್ಳುತ್ತಿದ್ದ ಹೆಣ್ಣುಮಗಳ ಮುಂದಿನ ಆ ಕಲ್ಲು ಹೋದರೆ ಮನೆಯಲ್ಲಿ ರೊಟ್ಟಿಯೂ ಇಲ್ಲ, ಹಾಡೂ ಇಲ್ಲ. ಕೇಳಿದ ಹೆಂಗಸರಿಗೆ ಬೇರೆ ವಿವರಣೆ ಬೇಕಿರಲಿಲ್ಲ.

1880ರ ದಶಕದಲ್ಲಿ ಶಾಸನ ವಿದ್ವಾಂಸ ಜೆ. ಎಫ್. ಫ್ಲೀಟ್ ಹಲಗಲಿಯದೂ ಸೇರಿ ಈ ಸೀಮೆಯ ಲಾವಣಿಗಳನ್ನು ಹಾಡುವವರ ಬಾಯಿಂದ ಬರೆಸಿಕೊಂಡು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚು ಹಾಕಿಸಿದರು. ಕುಂಪಣಿಯ ಹುಕುಮು ಯಾವ ವಿಲಾಯತಿಯಿಂದ ಬಂದಿತ್ತೋ ಆ ನಾಡಿನ ಅಧಿಕಾರಿಯೊಬ್ಬರು ಹಲಗಲಿಯ ಅಳಲನ್ನು ಕನ್ನಡದಲ್ಲೇ ಕೂತು ಕೇಳಿದ್ದರು. ಹಾಡಿನ ಕೊನೆಯಲ್ಲಿ, ಕಾಗದದ ಅಡಿಯ ರುಜುವಿನಂತೆ, ಕುರ್ತಕೋಟಿ ಕಲ್ಮೇಶನ ಅಂಕಿತವಿದೆ.