ಡೀಸೆಲ್ ಪಿಕಪ್ ಟ್ರಕ್‌ಗಳ ಹೆಚ್ಚುವರಿ ಮಾಪಕಗಳು

ಹೆಚ್ಚುವರಿ ಮಾಪಕಗಳು ಎಂದರೆ ವಾಹನವು ಕಾರ್ಖಾನೆಯಿಂದ ಹೊರಬರುವಾಗ ಡ್ಯಾಶ್‌ಬೋರ್ಡಿನಲ್ಲಿ ಇಲ್ಲದೆ, ಬಳಿಕ ಮಾಲೀಕರು ಚಾಲಕನ ಕ್ಯಾಬಿನ್ನಿನಲ್ಲಿ ಅಳವಡಿಸಿಕೊಳ್ಳುವ ಒತ್ತಡ ಹಾಗೂ ಉಷ್ಣತೆಯ ಗೇಜುಗಳು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕುದುರೆ, ದನ, ಹುಲ್ಲಿನ ಪಿಂಡಿ, ದೋಣಿ ಮೊದಲಾದವುಗಳ ಟ್ರೇಲರುಗಳನ್ನು ಎಳೆಯುವ ಡೀಸೆಲ್ ಪಿಕಪ್ ಟ್ರಕ್‌ಗಳಲ್ಲಿ ಇವುಗಳ ಬಳಕೆ ಹೆಚ್ಚು. ನಿಷ್ಕಾಸ ಅನಿಲದ ಉಷ್ಣತೆ, ಟರ್ಬೊ ಒತ್ತಡ, ಗೇರ್‌ಬಾಕ್ಸ್ ಎಣ್ಣೆಯ ಉಷ್ಣತೆ ಮತ್ತು ಇಂಧನದ ಒತ್ತಡವನ್ನು ತೋರಿಸುವ ನಾಲ್ಕು ಮಾಪಕಗಳು ಮುಖ್ಯವಾದವು. ಎಲ್ಲ ವಾಹನಗಳಿಗೂ ಈ ನಾಲ್ಕೂ ಬೇಕಾಗುವುದಿಲ್ಲ. ಒಂದು ಎಂಜಿನ್ ಸಾಮಾನ್ಯವಾಗಿ ಎಲ್ಲಿ ಕೆಡುತ್ತದೆ, ಅದರ ಮೇಲೆ ಬೀಳುವ ಹೊರೆ ಎಂಥದು ಎಂಬುದನ್ನು ನೋಡಿ ಮಾಪಕವನ್ನು ಆರಿಸಬೇಕಾಗುತ್ತದೆ.

ಹಿನ್ನೆಲೆ

1989ರ ಮಾದರಿಯ ಡಾಡ್ಜ್ ರ‍್ಯಾಮ್ ಪಿಕಪ್‌ನಲ್ಲಿ ಕಮಿನ್ಸ್ ಸಂಸ್ಥೆಯ 5.9 ಲೀಟರಿನ, ಆರು ಸಿಲಿಂಡರುಗಳ ಟರ್ಬೊ ಡೀಸೆಲ್ ಎಂಜಿನ್ ಬಂದಿತು. 1994ರಲ್ಲಿ ಫೋರ್ಡ್ ಸಂಸ್ಥೆಯು ನ್ಯಾವಿಸ್ಟಾರ್ ತಯಾರಿಸಿದ 7.3 ಲೀಟರಿನ ಪವರ್ ಸ್ಟ್ರೋಕ್ ಎಂಜಿನ್ನನ್ನೂ, 2001ರ ಮಾದರಿಯಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯು ಇಸುಝು ಜೊತೆಗೂಡಿ ತಯಾರಿಸಿದ 6.6 ಲೀಟರಿನ ಡ್ಯುರಾಮ್ಯಾಕ್ಸ್ ಎಂಜಿನ್ನನ್ನೂ ಬಳಕೆಗೆ ತಂದವು. ಮೂರೂ ಟರ್ಬೊ ಎಂಜಿನ್ನುಗಳೇ. ಟ್ರಕ್‌ಗಳು ಮೊದಲಿಗಿಂತ ಬಹಳ ಹೆಚ್ಚಿನ ಭಾರವನ್ನು ಎಳೆಯುವಂತಾದರೂ ಅವುಗಳ ಡ್ಯಾಶ್‌ಬೋರ್ಡು ಮಾತ್ರ ಬಹುಕಾಲ ಕಾರುಗಳ ಡ್ಯಾಶ್‌ಬೋರ್ಡಿನಂತೆಯೇ ಉಳಿಯಿತು.

ಆ ಡ್ಯಾಶ್‌ಬೋರ್ಡಿನಲ್ಲಿ ಇದ್ದ ಮಾಪಕಗಳೂ ಪೂರ್ಣ ಸತ್ಯವನ್ನು ಹೇಳುತ್ತಿರಲಿಲ್ಲ. 1980ರ ದಶಕದ ಕೊನೆಯಿಂದ ಫೋರ್ಡ್‌ನ ಹಲವು ಪಿಕಪ್‌ಗಳಲ್ಲಿ ಎಣ್ಣೆಯ ಒತ್ತಡವನ್ನು ತೋರಿಸುವ ಮುಳ್ಳಿನ ಹಿಂದೆ ಅಳೆಯುವ ಸಾಧನವೇ ಇರಲಿಲ್ಲ. ಒಂದು ಸ್ವಿಚ್ ಮಾತ್ರ ಇತ್ತು. ಒತ್ತಡವು ಸುಮಾರು 6–7 ಪಿಎಸ್‌ಐ ದಾಟಿದೊಡನೆ ಮುಳ್ಳು ನಡುವಿಗೆ ಬಂದು ನಿಲ್ಲುತ್ತಿತ್ತು. ಒತ್ತಡ 10 ಇದ್ದರೂ 60 ಇದ್ದರೂ ಚಾಲಕನಿಗೆ ಕಾಣುತ್ತಿದ್ದುದು ಒಂದೇ. ತಂಪುನೀರಿನ ಉಷ್ಣತೆಯ ಮಾಪಕವನ್ನೂ ಅನೇಕ ತಯಾರಕರು ಒಂದು ವಿಶಾಲ ವ್ಯಾಪ್ತಿಯಲ್ಲಿ ಮುಳ್ಳು ಅಲುಗಾಡದಂತೆ ರೂಪಿಸಿದ್ದಾರೆ. ಸಣ್ಣ ಏರಿಳಿತಗಳನ್ನು ಕಂಡು ಗ್ರಾಹಕರು ಗಾಬರಿಗೊಳ್ಳಬಾರದೆಂಬುದು ಇದರ ಉದ್ದೇಶ. ಆದರೆ ಹಾಗೆ ನಿಶ್ಚಲವಾಗಿರುವ ಮುಳ್ಳು ಮೇಲೇರಲು ತೊಡಗುವ ಹೊತ್ತಿಗೆ ಕೆಡುಕು ಆರಂಭವಾಗಿ ಸಾಕಷ್ಟು ಸಮಯ ಕಳೆದಿರುತ್ತದೆ.

1990ರ ದಶಕದ ಕೊನೆಗೆ ಎಂಜಿನ್ನಿಗೆ ಹೆಚ್ಚು ಇಂಧನವನ್ನು ಹಾಯಿಸಿ ಶಕ್ತಿಯನ್ನು ಹೆಚ್ಚಿಸುವ ವಿದ್ಯುನ್ಮಾನ ಪೆಟ್ಟಿಗೆಗಳು ಮಾರುಕಟ್ಟೆಗೆ ಬಂದವು. ಅವುಗಳ ಜೊತೆಯಲ್ಲಿಯೇ ಹೆಚ್ಚುವರಿ ಮಾಪಕಗಳ ಬಳಕೆಯೂ ಬೆಳೆಯಿತು. ಇಲಿನಾಯ್ ರಾಜ್ಯದ ಸಿಕಮೋರ್‌ನಲ್ಲಿರುವ ಆಟೋ ಮೀಟರ್ ಹಾಗೂ ಆರೆಗಾನ್ ರಾಜ್ಯದ ಪೋರ್ಟ್‌ಲೆಂಡಿನ ಇಸ್‌ಪ್ರೊ ಈ ಮಾಪಕಗಳ ಹೆಸರಾಂತ ತಯಾರಕ ಸಂಸ್ಥೆಗಳು.

ಅಮೆರಿಕದ ಮಾಪಕಗಳು ಒತ್ತಡವನ್ನು ಪಿಎಸ್‌ಐ ಮಾನದಲ್ಲಿ, ಅಂದರೆ ಚದರ ಅಂಗುಲಕ್ಕೆ ಇಷ್ಟು ಪೌಂಡು ಎಂದು ತೋರಿಸುತ್ತವೆ. ಪೆಟ್ರೋಲ್ ಬಂಕಿನಲ್ಲಿ ಟೈರಿಗೆ ಗಾಳಿ ಹಾಕಿಸುವಾಗ ಹೇಳುವ ಮೂವತ್ತು, ಮೂವತ್ತೆರಡು ಎಂಬ ಅಂಕಿಗಳೂ ಇದೇ ಮಾನದವು. ಉಷ್ಣತೆಯನ್ನು ಜ್ವರದ ಥರ್ಮಾಮೀಟರಿನಂತೆ ಫ್ಯಾರನ್‌ಹೀಟ್ ಮಾನದಲ್ಲಿ ತೋರಿಸಲಾಗುತ್ತದೆ.

ನಿಷ್ಕಾಸ ಅನಿಲದ ಉಷ್ಣತಾಮಾಪಕ

ಪೈರೋಮೀಟರ್ ಎಂದು ಕರೆಯಲಾಗುವ ಈ ಮಾಪಕವು ಭಾರ ಎಳೆಯುವ ಡೀಸೆಲ್ ವಾಹನಕ್ಕೆ ಅತ್ಯಂತ ಅವಶ್ಯವಾದುದು. ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನ ತೀರ ಕಡಿಮೆಯಾದರೆ ಬಿಸಿ ಹೆಚ್ಚುವ ಅಪಾಯವಿದೆ. ಡೀಸೆಲ್ ಎಂಜಿನ್ನಿನಲ್ಲಿ ಇದು ತಿರುವುಮುರುವು: ಇಂಧನ ಹೆಚ್ಚಿದಷ್ಟೂ ಬಿಸಿ ಏರುತ್ತದೆ. ಏರುದಾರಿಯಲ್ಲಿ ಚಾಲಕನು ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದಾಗ ಸಿಲಿಂಡರಿನಿಂದ ಹೊರಬೀಳುವ ಅನಿಲದ ಉಷ್ಣತೆಯು ಕೆಲವೇ ಕ್ಷಣಗಳಲ್ಲಿ ನೂರಾರು ಡಿಗ್ರಿ ಏರಬಲ್ಲದು. ತಂಪುನೀರಿನ ಮಾಪಕವು ಅದನ್ನು ಆಗಲೇ ತೋರಿಸುವುದಿಲ್ಲ, ಏಕೆಂದರೆ ಅಷ್ಟೊಂದು ನೀರು ಮತ್ತು ಲೋಹ ಕಾಯಲು ಸಮಯ ಬೇಕು. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಈ ಎಂಜಿನ್ನುಗಳ ಪಿಸ್ಟನ್‌ಗಳು ಬಹುಮಟ್ಟಿಗೆ ಅಲ್ಯೂಮಿನಿಯಂ ಮಿಶ್ರಲೋಹದವು. ಪಿಸ್ಟನ್‌ನ ತಲೆಯನ್ನು ಕೆಳಗಿನಿಂದ ಎಣ್ಣೆ ತಂಪಾಗಿಸುತ್ತಿರುವುದರಿಂದ ಅದು ಅನಿಲದಷ್ಟು ಬಿಸಿಯಾಗುವುದಿಲ್ಲ. ಆದರೂ ಟರ್ಬೊಗೆ ಮೊದಲು ಅಳೆದ ಉಷ್ಣತೆಯು 1250 ಡಿಗ್ರಿ ಫ್ಯಾರನ್‌ಹೀಟ್ ಅನ್ನು, ಎಂದರೆ ಸುಮಾರು 677 ಡಿಗ್ರಿ ಸೆಲ್ಸಿಯಸ್ ಅನ್ನು, ಬಹಳ ಹೊತ್ತು ಮೀರಬಾರದೆಂಬ ನಿಯಮವನ್ನು ಚಾಲಕರು ಸಾಮಾನ್ಯವಾಗಿ ಪಾಲಿಸುತ್ತಾರೆ. ಖಾಲಿ ಟ್ರಕ್ ಸಮತಟ್ಟಾದ ಹೆದ್ದಾರಿಯಲ್ಲಿ ಓಡುವಾಗ ಇದು 600ರಿಂದ 800 ಡಿಗ್ರಿ ಫ್ಯಾರನ್‌ಹೀಟ್‌ನಷ್ಟಿರುತ್ತದೆ.

ಈ ಮಾಪಕದ ತುದಿಯಲ್ಲಿರುವುದು ಕೆ ವರ್ಗದ ಉಷ್ಣಯುಗ್ಮ. ಎರಡು ಭಿನ್ನ ಲೋಹಗಳ ತಂತಿಗಳನ್ನು ಕೂಡಿಸಿ ಆ ಕೂಡುತುದಿಯನ್ನು ಕಾಯಿಸಿದರೆ ಅಲ್ಪ ವಿದ್ಯುತ್ತು ಹುಟ್ಟುತ್ತದೆಂಬುದನ್ನು ಜರ್ಮನ್ ವಿಜ್ಞಾನಿ ಥಾಮಸ್ ಸೀಬೆಕ್ 1821ರ ಸುಮಾರಿಗೆ ಕಂಡುಕೊಂಡಿದ್ದನು. ಕೆ ವರ್ಗದ ಯುಗ್ಮದಲ್ಲಿ ಪ್ರತಿ ಸೆಲ್ಸಿಯಸ್ ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಮಾತ್ರ ಉಂಟಾಗುತ್ತದೆ. ಇಷ್ಟು ಸೂಕ್ಷ್ಮವಾದ ಸಂಕೇತವಾದುದರಿಂದ ಈ ತಂತಿ ಸಾಲದಿದ್ದರೆ ಸಾಮಾನ್ಯ ತಾಮ್ರದ ತಂತಿಯನ್ನು ಕಟ್ಟಿ ಉದ್ದಮಾಡುವಂತಿಲ್ಲ. ಅದೇ ಮಿಶ್ರಲೋಹದ ತಂತಿಯನ್ನೇ ಬಳಸಬೇಕು. ಅಮೆರಿಕದ ಪದ್ಧತಿಯಲ್ಲಿ ಉಷ್ಣಯುಗ್ಮದ ಕೆಂಪು ತಂತಿ ಋಣ, ಹಳದಿ ತಂತಿ ಧನ. ಬ್ಯಾಟರಿಯ ಕೆಂಪು ತಂತಿ ಧನವೆಂದು ರೂಢಿಯಾದವರು ಇಲ್ಲಿ ಎಡವುವುದುಂಟು. ತಂತಿಗಳು ಅದಲುಬದಲಾದರೆ ಎಂಜಿನ್ ಬಿಸಿಯಾದಂತೆ ಮುಳ್ಳು ಕೆಳಗೆ ಸರಿಯುತ್ತದೆ.

ಉಷ್ಣಯುಗ್ಮದ ಕಡ್ಡಿಯನ್ನು ಎಲ್ಲಿ ಕೂರಿಸಬೇಕೆಂಬುದು ಹಳೆಯ ಚರ್ಚೆ. ಟರ್ಬೊ ದಾಟಿದ ಮೇಲೆ, ಹೊಗೆಕೊಳವೆಯಲ್ಲಿ ಕೂರಿಸುವುದು ಸುಲಭ. ಕಡ್ಡಿ ಮುರಿದರೂ ಅದು ಟರ್ಬೊದ ಚಕ್ರಕ್ಕೆ ಬೀಳುವ ಭಯವಿಲ್ಲ. ಆದರೆ ಅನಿಲವು ಟರ್ಬೊವನ್ನು ತಿರುಗಿಸುವಲ್ಲಿ ತನ್ನ ಶಾಖದ ಒಂದು ಪಾಲನ್ನು ಕಳೆದುಕೊಂಡಿರುತ್ತದೆ. ಹೊರೆ ಹೆಚ್ಚಿದ್ದಾಗ ಎರಡು ಸ್ಥಳಗಳ ನಡುವೆ 200–300 ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸವಿರುತ್ತದೆ, ಮತ್ತು ಆ ವ್ಯತ್ಯಾಸ ಸದಾ ಒಂದೇ ಸಮನಾಗಿರುವುದಿಲ್ಲ. ಪಿಸ್ಟನ್‌ಗೆ ಅಪಾಯವಿದೆಯೇ ಎಂದು ತಿಳಿಯಬೇಕಾದರೆ ಟರ್ಬೊಗೆ ಮೊದಲೇ ಅಳೆಯುವುದು ಸರಿಯಾದ ಕ್ರಮ.

ಟರ್ಬೊ ಒತ್ತಡ ಮಾಪಕ

ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡವನ್ನು ಇದು ತೋರಿಸುತ್ತದೆ. ಯಾವ ಮಾರ್ಪಾಡೂ ಇಲ್ಲದ ಹಳೆಯ ಟ್ರಕ್‌ಗಳಲ್ಲಿ ಇದು ಸುಮಾರು 15ರಿಂದ 20 ಪಿಎಸ್‌ಐವರೆಗೆ ಹೋಗುತ್ತದೆ. ಅವುಗಳಿಗೆ 0–35ರ ಡಯಲು ಸಾಕು. 0–60ರ ಡಯಲು ಹಾಕಿದರೆ ಮುಳ್ಳು ಕೆಳಗಿನ ಮೂಲೆಯಲ್ಲೇ ಓಡಾಡಿ ಓದಲು ಕಷ್ಟವಾಗುತ್ತದೆ.

ಈ ಮಾಪಕದ ನಿಜವಾದ ಉಪಯೋಗ ಪೈರೋಮೀಟರಿನ ಜೊತೆಗಿಟ್ಟು ಓದಿದಾಗ ತಿಳಿಯುತ್ತದೆ. ಒಂದೇ ಏರು, ಒಂದೇ ಹೊರೆ. ಆದರೆ ಒತ್ತಡ ಎಂದಿಗಿಂತ ಕಡಿಮೆ, ಬಿಸಿ ಎಂದಿಗಿಂತ ಹೆಚ್ಚು ಎಂದಾದರೆ ಗಾಳಿಯ ಕೊಳವೆ ಎಲ್ಲೋ ಸೋರುತ್ತಿದೆ ಅಥವಾ ಏರ್ ಫಿಲ್ಟರ್ ಕಟ್ಟಿಕೊಂಡಿದೆ ಎಂದು ಊಹಿಸಬಹುದು. ಎರಡೂ ಒಟ್ಟಿಗೆ ಏರಿದ್ದರೆ ಹೊರೆಯೇ ಹೆಚ್ಚಾಗಿದೆ ಎಂದರ್ಥ; ಚಾಲಕನು ಕೆಳಗಿನ ಗೇರಿಗೆ ಬದಲಾಯಿಸಿ ಆಕ್ಸಿಲರೇಟರನ್ನು ಸಡಿಲಿಸಬೇಕಾಗುತ್ತದೆ. ಕೊಲೊರಾಡೊ ರಾಜ್ಯದಲ್ಲಿ ಐ-70 ಹೆದ್ದಾರಿಯು ಐಸೆನ್‌ಹೋವರ್ ಸುರಂಗದ ಬಳಿ ಸಮುದ್ರಮಟ್ಟದಿಂದ 11,000 ಅಡಿಗಿಂತಲೂ ಮೇಲಕ್ಕೆ ಏರುತ್ತದೆ. ಅಲ್ಲಿ ಗಾಳಿ ತೆಳುವಾಗಿರುವುದರಿಂದ ಅಷ್ಟೇ ಒತ್ತಡಕ್ಕಾಗಿ ಟರ್ಬೊ ಹೆಚ್ಚು ದುಡಿಯಬೇಕು. ಬಯಲಿನಲ್ಲಿ ಸಲೀಸಾಗಿ ಎಳೆದ ಟ್ರೇಲರೇ ಅಲ್ಲಿ ಪೈರೋಮೀಟರಿನ ಮುಳ್ಳನ್ನು ಮಿತಿಯತ್ತ ಒಯ್ಯುತ್ತದೆ.

ಇಂಧನ ಒತ್ತಡ ಮಾಪಕ

ಯಾವ ಮಾಪಕ ಬೇಕೆಂಬುದನ್ನು ಎಂಜಿನ್ನಿನ ದೋಷವೇ ನಿರ್ಧರಿಸುತ್ತದೆ ಎಂಬುದಕ್ಕೆ ಇದು ಉತ್ತಮ ನಿದರ್ಶನ. 1998ರ ಮಧ್ಯದಿಂದ 2002ರವರೆಗಿನ 24 ವಾಲ್ವಿನ ಕಮಿನ್ಸ್ ಎಂಜಿನ್‌ನಲ್ಲಿ ಬಾಷ್ ಸಂಸ್ಥೆಯ ವಿಪಿ44 ಎಂಬ ಇಂಜೆಕ್ಷನ್ ಪಂಪು ಇದೆ. ಈ ಪಂಪಿಗೆ ಜಾರುವಿಕೆಯನ್ನೂ ತಂಪನ್ನೂ ಕೊಡುವುದು ಅದರ ಮೂಲಕ ಹರಿಯುವ ಡೀಸೆಲ್ಲೇ. ಟ್ಯಾಂಕಿನಿಂದ ಡೀಸೆಲ್ ಎತ್ತಿಕೊಡುವ ಲಿಫ್ಟ್ ಪಂಪು ದುರ್ಬಲವಾದಾಗ ಟ್ರಕ್ ಎಂದಿನಂತೆಯೇ ಓಡುತ್ತಿರುತ್ತದೆ, ಯಾವ ದೀಪವೂ ಹೊತ್ತುವುದಿಲ್ಲ; ಒಳಗೆ ಮಾತ್ರ ದುಬಾರಿ ಇಂಜೆಕ್ಷನ್ ಪಂಪು ಸವೆಯುತ್ತಿರುತ್ತದೆ. ಚಾಲಕನಿಗೆ ವಿಷಯ ತಿಳಿಯುವುದು ಎಂಜಿನ್ ನಿಂತ ಮೇಲೆಯೇ. ಹೊರೆ ಎಳೆಯುವಾಗ ಒತ್ತಡ 10 ಪಿಎಸ್‌ಐಗಿಂತ ಕೆಳಗಿಳಿದರೆ ಲಿಫ್ಟ್ ಪಂಪು ಹಾಗೂ ಫಿಲ್ಟರನ್ನು ಪರೀಕ್ಷಿಸಬೇಕೆಂದು ಈ ಟ್ರಕ್‌ಗಳ ಬಳಕೆದಾರರು ಎಣಿಸುತ್ತಾರೆ. ಈ ಕಾರಣದಿಂದ ಇಂಥ ಟ್ರಕ್ಕಿಗೆ ಒಂದೇ ಒಂದು ಮಾಪಕ ಹಾಕುವುದಾದರೆ ಪೈರೋಮೀಟರಿಗಿಂತ ಇಂಧನ ಒತ್ತಡ ಮಾಪಕವೇ ಮೇಲು. ಇಂಜೆಕ್ಷನ್ ಪಂಪಿನ ಮಿಡಿತವು ಸಂವೇದಕವನ್ನು ಬಡಿದು ಕೆಡಿಸದಂತೆ ನಡುವೆ ಒಂದು ಸಣ್ಣ ಕವಾಟವನ್ನು ಇಟ್ಟು ಹರಿವನ್ನು ಕಿರಿದುಗೊಳಿಸುತ್ತಾರೆ.

ಡೀಸೆಲ್ ಹರಿಯುವ ಕೊಳವೆಯನ್ನು ಎಂದಿಗೂ ಕ್ಯಾಬಿನ್ನಿನೊಳಗೆ ತರಬಾರದು. ವಿದ್ಯುತ್ ಸಂವೇದಕವಿದ್ದರೆ ಒಳಗೆ ಬರುವುದು ತಂತಿ ಮಾತ್ರ. ಕೊಳವೆಯಿಂದಲೇ ನಡೆಯುವ ಯಾಂತ್ರಿಕ ಮಾಪಕವಾದರೆ, ಒಂದು ಪೊರೆಯ ಆಚೆ ಡೀಸೆಲ್ಲನ್ನು ತಡೆದು ಈಚೆ ಬೇರೊಂದು ನಿರಪಾಯ ದ್ರವದ ಮೂಲಕ ಒತ್ತಡವನ್ನು ದಾಟಿಸುವ ಸಾಧನವನ್ನು ಎಂಜಿನ್ ಬದಿಯಲ್ಲೇ ಅಳವಡಿಸಬೇಕು.

ಗೇರ್‌ಬಾಕ್ಸ್ ಎಣ್ಣೆಯ ಉಷ್ಣತಾಮಾಪಕ

ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇರುವ ವಾಹನಗಳಿಗಷ್ಟೇ ಇದು ಮುಖ್ಯ. ಎಣ್ಣೆ ಸಾಮಾನ್ಯವಾಗಿ 175ರಿಂದ 200 ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಇರುತ್ತದೆ; ಅದಕ್ಕಿಂತ ಪ್ರತಿ 20 ಡಿಗ್ರಿ ಹೆಚ್ಚಿದಂತೆ ಎಣ್ಣೆಯ ಆಯುಸ್ಸು ಅರ್ಧಕ್ಕಿಳಿಯುತ್ತದೆಂಬ ಸ್ಥೂಲ ಲೆಕ್ಕ ಮೆಕ್ಯಾನಿಕ್‌ಗಳಲ್ಲಿ ರೂಢಿಯಲ್ಲಿದೆ. ವೇಗದ ಓಟಕ್ಕಿಂತ, ಟ್ರೇಲರನ್ನು ನಿಧಾನವಾಗಿ ಇಕ್ಕಟ್ಟಿನಲ್ಲಿ ಹಿಂದಕ್ಕೆ ತಳ್ಳುವಾಗ ಎಣ್ಣೆ ಹೆಚ್ಚು ಕಾಯುತ್ತದೆ. ಸಂವೇದಕವನ್ನು ಎಣ್ಣೆಯ ತಟ್ಟೆಯಲ್ಲಿ ಕೂರಿಸಿದರೆ ಸರಾಸರಿ ಉಷ್ಣತೆ ಸಿಗುತ್ತದೆ. ಕೂಲರಿಗೆ ಹೋಗುವ ಕೊಳವೆಯಲ್ಲಿ ಕೂರಿಸಿದರೆ ಮುಳ್ಳು ಬೇಗ ಏರಿ ಬೇಗ ಇಳಿಯುತ್ತದೆ.

ಡಿಜಿಟಲ್ ಪರದೆಗಳು

ಎಂಜಿನ್‌ನ ಕಂಪ್ಯೂಟರಿಗೆ ಈಗಾಗಲೇ ತಿಳಿದಿರುವ ಅಂಕಿಗಳನ್ನು ಸ್ಟೀರಿಂಗಿನ ಕೆಳಗಿನ ಒಬಿಡಿ ಸಾಕೆಟ್ಟಿನಿಂದ ಓದಿ ತೋರಿಸುವ ಪರದೆಗಳು 2000ದ ನಂತರ ಬಳಕೆಗೆ ಬಂದವು. 2003ರಿಂದ 2007ರವರೆಗೆ ಬಂದ ಫೋರ್ಡ್‌ನ 6.0 ಲೀಟರ್ ಪವರ್ ಸ್ಟ್ರೋಕ್‌ಗೆ ಇವು ಹೆಚ್ಚು ಉಪಯುಕ್ತ. ಆ ಎಂಜಿನ್‌ನ ಆಯಿಲ್ ಕೂಲರಿನ ಕಿರಿದಾದ ದಾರಿಗಳು ಕಸದಿಂದ ಕಟ್ಟಿಕೊಂಡರೆ, ಅದನ್ನು ದಾಟಿ ತಂಪುನೀರನ್ನು ಪಡೆಯುವ ಇಜಿಆರ್ ಕೂಲರ್ ಕಾದು ಒಡೆಯುತ್ತದೆ. ಎಂಜಿನ್ ಪೂರ್ತಿ ಕಾದು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವಾಗ ಎಣ್ಣೆಯ ಉಷ್ಣತೆಯು ನೀರಿನದಕ್ಕಿಂತ 15 ಡಿಗ್ರಿ ಫ್ಯಾರನ್‌ಹೀಟ್‌ಗೂ ಹೆಚ್ಚಿದ್ದರೆ ಕೂಲರ್ ಕಟ್ಟುತ್ತಿದೆ ಎಂಬ ಸೂಚನೆ. ಡ್ಯಾಶ್‌ಬೋರ್ಡಿನಲ್ಲಿ ಈ ಎರಡು ಅಂಕಿಗಳು ಸಿಗುವುದಿಲ್ಲ, ಪರದೆಯಲ್ಲಿ ಸಿಗುತ್ತವೆ. ಅದಕ್ಕಾಗಿ ಎಲ್ಲಿಯೂ ತೂತು ಕೊರೆಯಬೇಕಿಲ್ಲ. ಆದರೆ ವಾಹನದಲ್ಲಿ ಸಂವೇದಕವೇ ಇಲ್ಲದ ಅಂಶವನ್ನು ಯಾವ ಪರದೆಯೂ ತೋರಿಸಲಾರದು. ವಿಪಿ44 ಪಂಪಿಗೆ ಬರುವ ಇಂಧನದ ಒತ್ತಡ ಅಂಥದೊಂದು.

ಅಳವಡಿಕೆ

ಮಾಪಕಗಳು ಸಾಮಾನ್ಯವಾಗಿ 52 ಮಿ.ಮೀ. ವ್ಯಾಸದವು. ಮುಂದಿನ ಗಾಜಿಗೂ ಬಾಗಿಲಿಗೂ ನಡುವಣ ಕಂಬದ ಮೇಲೆ ಎರಡು ಅಥವಾ ಮೂರು ಗುಂಡಿಗಳ ಪ್ಲಾಸ್ಟಿಕ್ ಕವಚವನ್ನು ಕೂರಿಸಿ ಅದರಲ್ಲಿ ಇವುಗಳನ್ನಿಡುವುದು ಪ್ರಚಲಿತ ವಿಧಾನ. ರಸ್ತೆಯಿಂದ ಕಣ್ಣನ್ನು ಹೆಚ್ಚು ಸರಿಸದೆ ಓದಬಹುದಾದುದರಿಂದ ಈ ಸ್ಥಳ ಅನುಕೂಲಕರ. ಆದರೆ ಹೊಸ ಟ್ರಕ್‌ಗಳಲ್ಲಿ ಛಾವಣಿಯ ಅಂಚಿನಿಂದ ಪರದೆಯಂತೆ ಇಳಿಯುವ ಏರ್‌ಬ್ಯಾಗ್ ಇದ್ದು, ಅದರ ಭಾಗ ಕಂಬದ ಹೊದಿಕೆಯೊಳಗೂ ಇರಬಹುದು. ಅಲ್ಲಿ ಮಾಪಕವಿಟ್ಟರೆ ಅಪಘಾತದ ಹೊತ್ತಿನಲ್ಲಿ ಏರ್‌ಬ್ಯಾಗ್ ಸರಿಯಾಗಿ ಬಿಚ್ಚಿಕೊಳ್ಳದಿರಬಹುದು, ಅಥವಾ ಕವಚವೇ ಸಿಡಿದು ಚಾಲಕನ ಮುಖಕ್ಕೆ ಬಡಿಯಬಹುದು. ಅಂಥ ವಾಹನಗಳಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಅಥವಾ ಸ್ಟೀರಿಂಗಿನ ಬದಿಯಲ್ಲಿ ಜಾಗ ಹುಡುಕುವುದು ಕ್ಷೇಮ.

ಡಯಲನ್ನು ತುಸು ತಿರುಗಿಸಿ, ಎಲ್ಲ ಸರಿಯಾಗಿರುವಾಗ ಮುಳ್ಳು ನೇರವಾಗಿ ಮೇಲಕ್ಕೆ ನಿಲ್ಲುವಂತೆ ಕೂರಿಸುವ ರೂಢಿಯೂ ಇದೆ. ಇದರಿಂದ ಅಂಕಿಯನ್ನು ಓದಬೇಕಿಲ್ಲ. ವಾಲಿದ ಮುಳ್ಳು ತಾನೇ ಗಮನ ಸೆಳೆಯುತ್ತದೆ.

ವಿದ್ಯುತ್ತನ್ನು ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವ ಫ್ಯೂಸಿನಿಂದ, ಮಾಪಕದ್ದೇ ಆದ ಸಣ್ಣ ಫ್ಯೂಸ್ ಮೂಲಕ ಪಡೆಯಲಾಗುತ್ತದೆ. ಒಳದೀಪದ ತಂತಿಯನ್ನು ಡ್ಯಾಶ್‌ಬೋರ್ಡ್ ದೀಪಗಳ ಸಾಲಿಗೆ ಸೇರಿಸಿದರೆ ರಾತ್ರಿ ಎಲ್ಲವೂ ಒಟ್ಟಿಗೆ ಮಂದವಾಗುತ್ತವೆ. ಎಂಜಿನ್ ಕೋಣೆಯನ್ನು ಕ್ಯಾಬಿನ್ನಿನಿಂದ ಬೇರ್ಪಡಿಸುವ ತಗಡಿನ ಗೋಡೆಯ ಮೂಲಕ ತಂತಿ ಹಾಯಿಸುವಲ್ಲಿ ರಬ್ಬರಿನ ಬಳೆ ಅಗತ್ಯ. ಇಲ್ಲವಾದರೆ ತಗಡಿನ ಅಂಚು ದಿನಕಳೆದಂತೆ ತಂತಿಯ ಹೊದಿಕೆಯನ್ನು ಕೊಯ್ಯುತ್ತದೆ. ಒಂದೇ ತಂತಿಯ ಸಂವೇದಕಗಳು ತಮ್ಮ ಮರೆಯ ಮೂಲಕವೇ ಅರ್ಥ್ ಪಡೆಯುವುದರಿಂದ ಅಲ್ಲಿ ಟೆಫ್ಲಾನ್ ಪಟ್ಟಿಯನ್ನು ದಪ್ಪವಾಗಿ ಸುತ್ತಿದರೆ ಮಾಪಕವು ತಪ್ಪು ಅಂಕಿಯನ್ನು ತೋರಿಸುತ್ತದೆ.

ಪೈರೋಮೀಟರಿಗಾಗಿ ಎರಕದ ಕಬ್ಬಿಣದ ಮ್ಯಾನಿಫೋಲ್ಡಿನಲ್ಲಿ ತೂತು ಕೊರೆಯುವುದೇ ಎಲ್ಲರೂ ಹಿಂಜರಿಯುವ ಕೆಲಸ. ಒಳಗೆ ಬಿದ್ದ ಕಬ್ಬಿಣದ ಚೂರು ಟರ್ಬೊದ ಚಕ್ರದ ಎಲೆಗಳನ್ನು ಕೆಡಿಸಬಲ್ಲದು. ಟರ್ಬೊವನ್ನು ಬಿಚ್ಚಿಟ್ಟು ಕೊರೆಯುವುದು ಅತ್ಯಂತ ಸುರಕ್ಷಿತ. ಹಾಗೆ ಬಿಚ್ಚದವರು ಡ್ರಿಲ್ಲಿನ ತುದಿಗೆ ದಪ್ಪ ಗ್ರೀಸ್ ಬಳಿದು, ಸ್ವಲ್ಪ ಸ್ವಲ್ಪವೇ ಕೊರೆದು ಚೂರುಗಳನ್ನು ಗ್ರೀಸಿಗೆ ಅಂಟಿಸಿಕೊಳ್ಳುತ್ತಾರೆ. ಉಳಿದುದನ್ನು ಆಯಸ್ಕಾಂತದಿಂದ ತೆಗೆಯುತ್ತಾರೆ. ಕೊನೆಯಲ್ಲಿ ಎಂಜಿನ್ನನ್ನು ಕ್ಷಣಕಾಲ ಚಾಲೂ ಮಾಡಿ ಹೊಗೆಯ ರಭಸಕ್ಕೆ ಚೂರುಗಳು ತೂತಿನಿಂದ ಹೊರಚಿಮ್ಮುವಂತೆ ಮಾಡುವವರೂ ಇದ್ದಾರೆ. ಆಗ ಕಣ್ಣಿಗೆ ಕನ್ನಡಕವಿರಲೇಬೇಕು.

ಜೋಡಣೆಯ ನಂತರ

ರಾತ್ರಿಯಿಡೀ ನಿಂತ ವಾಹನದಲ್ಲಿ ಬೆಳಗ್ಗೆ ಕೀಲಿ ತಿರುಗಿಸಿ, ಎಂಜಿನ್ ಚಾಲೂ ಮಾಡುವ ಮೊದಲು, ಡಯಲಿನ ವ್ಯಾಪ್ತಿಗೆ ಒಳಪಡುವ ಮಟ್ಟಿಗೆ ಉಷ್ಣತಾಮಾಪಕಗಳೆಲ್ಲವೂ ಹೊರಗಿನ ಹವೆಯ ಉಷ್ಣತೆಯನ್ನೇ ತೋರಿಸಬೇಕು. ಟರ್ಬೊ ಒತ್ತಡ ಮಾಪಕವು ಸೊನ್ನೆಯಲ್ಲಿರಬೇಕು. ಮೊದಲ ಕೆಲವು ಪ್ರಯಾಣಗಳ ಬಳಿಕ ಕೂಡುಭಾಗಗಳನ್ನು ಮತ್ತೆ ಬಿಗಿಗೊಳಿಸಿ ಸೋರಿಕೆ ನೋಡಲಾಗುತ್ತದೆ. ಭಾರ ಎಳೆದು ಬಂದಾಗ ಪೈರೋಮೀಟರ್ ಸುಮಾರು 400 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಯುವತನಕ ಎಂಜಿನ್ನನ್ನು ಹಾಗೆಯೇ ಓಡಲು ಬಿಟ್ಟು ಅನಂತರ ನಿಲ್ಲಿಸುತ್ತಾರೆ. ತಕ್ಷಣ ನಿಲ್ಲಿಸಿದರೆ ಟರ್ಬೊದ ಬೇರಿಂಗಿನಲ್ಲಿ ನಿಂತ ಎಣ್ಣೆ ಸುಟ್ಟು ಕರಿ ಕಟ್ಟುತ್ತದೆ. ಅನುಭವಿ ಚಾಲಕರು ಪರಿಚಿತವಾದ ಒಂದೇ ಏರಿನಲ್ಲಿ, ಖಾಲಿಯಾಗಿಯೂ ಹೊರೆಯೊಂದಿಗೂ, ನಾಲ್ಕೂ ಮುಳ್ಳುಗಳು ಎಲ್ಲಿ ನಿಂತವೆಂದು ಬರೆದಿಡುತ್ತಾರೆ; ಮುಂದೆ ಅದೇ ಏರಿನಲ್ಲಿ ಅಂಕಿ ಬದಲಾದಾಗ ಹೋಲಿಸಲು ಅದು ನೆರವಾಗುತ್ತದೆ.